ಹೂಂಗುಟ್ಟಮ್ಮನ ಡಬ್ಬಿ

ನಮ್ಮೂರಿನಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ಅಳುವುದಕ್ಕೂ ಮೊದಲು ಜಗುಲಿ ಗುಡಿಸುತ್ತಾರೆ. ಮಣ್ಣು ಮಾಡಿ, ಕೆರೆಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲಿ ಎಲ್ಲರೂ ಹಿಂದಿರುಗುವ ಹೊತ್ತಿಗೆ ಸತ್ತವರು ಬಂದು ಜಗುಲಿಯ ಮೇಲೆ ಕೂತಿರುತ್ತಾರೆ. ಚಾಪೆ ಹಾಸಿರದಿದ್ದರೆ ಬರೀ ನೆಲದ ಮೇಲೇ ಕೂರುತ್ತಾರೆ, ಅದನ್ನು ಕಂಡ ನೆಂಟರು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಮಾತಿಲ್ಲ, ಊಟವಿಲ್ಲ. ಬೀದಿಯ ಕಡೆ ಮುಖ ಮಾಡಿ ಬಸ್ಸು ಕಾಯುವವರ ಹಾಗೆ ಕೂತಿರುತ್ತಾರೆ. ಮುಟ್ಟಿದರೆ ಮೈ ತಣ್ಣಗೆ, ತೇವವಾಗಿರುತ್ತದೆ. ನಾಯಿಗಳು ಆ ಮನೆ ಬಂದಾಗ ಬೀದಿಯ ಆಚೆ ಬದಿಗೆ ಸರಿದು ಓಡಾಡುತ್ತವೆ. ನಮಗೆ ಇದರಿಂದ ಭಯವೇನೂ ಇರಲಿಲ್ಲ. ಪಾಪ, ನಾಳೆ ನಾಡಿದ್ದರಲ್ಲಿ ಹೊರಡುತ್ತಾರೆ ಎಂದುಕೊಂಡು ಅವರ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದೆವು.

ಅವರನ್ನು ಹೊರಡಿಸುತ್ತಿದ್ದವಳು ಹೂಂಗುಟ್ಟಮ್ಮ. ಊರ ಅಂಚಿನ ಕಲ್ಲುಗುಡಿಯಲ್ಲಿ ಅವಳಿದ್ದಳು. ಸೊಂಟದೆತ್ತರದ ಒಂದು ಕಲ್ಲು, ಕಣ್ಣಿಲ್ಲ, ಮೂಗಿಲ್ಲ, ಮೇಲೊಂದು ಸೀರೆ. ವರ ಕೊಡುವ ದೇವರಲ್ಲ. ಮಕ್ಕಳಾಗಲಿ ಎಂದರೆ ಆಗುತ್ತಿರಲಿಲ್ಲ, ಕೇಸು ಗೆಲ್ಲಲಿ ಎಂದರೆ ಗೆಲ್ಲುತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ ಕೆಲಸ. ಎದುರಿಗೆ ಕೂತು ಯಾರು ಏನು ಹೇಳಿಕೊಂಡರೂ ಕೇಳಿಸಿಕೊಳ್ಳುತ್ತಿದ್ದಳು, ಉಸಿರು ತೆಗೆದುಕೊಳ್ಳಲು ನಾವು ನಿಲ್ಲಿಸಿದಾಗ ಕಲ್ಲಿನೊಳಗಿಂದ 'ಹೂಂ' ಎನ್ನುತ್ತಿದ್ದಳು. ಸತ್ತವರ ಬದುಕನ್ನು ಹುಟ್ಟಿನಿಂದ ಹಿಡಿದು ಅವಳ ಮುಂದೆ ಹೇಳಿ ಮುಗಿಸಬೇಕು. ಕೊನೆಯ ಮಾತಿಗೆ ಅವಳು ಹೂಂ ಎಂದಳೋ, ಇತ್ತ ಜಗುಲಿಯ ಮೇಲಿದ್ದವರು ಎದ್ದು, ಬಟ್ಟೆ ಕೊಡವಿಕೊಂಡು, ಬೀದಿಯ ಕೊನೆಯ ತಿರುವಿನಲ್ಲಿ ಮರೆಯಾಗುತ್ತಿದ್ದರು. ಹೇಳದೆ ಬಿಟ್ಟರೆ ಅವರು ಜಗುಲಿಯಿಂದ ಹೊಸ್ತಿಲಿಗೆ, ಹೊಸ್ತಿಲಿನಿಂದ ನಡುಮನೆಗೆ ಸರಿಯುತ್ತಾರೆ, ಅಂಥ ಮನೆಯಲ್ಲಿ ಹುಟ್ಟಿದ ಮಗು ಅಳುವುದಿಲ್ಲ, ಅಳದ ಮಗು ಉಳಿಯುವುದೂ ಇಲ್ಲ ಎಂದು ಹಿರಿಯರು ಹೇಳುತ್ತಿದ್ದರು. ನಮ್ಮ ಕಾಲದಲ್ಲಿ ಯಾರೂ ಅದನ್ನು ಕಂಡಿರಲಿಲ್ಲ.

ಹೀಗಿರುವಾಗ ವಿರೂಪಾಕ್ಷಪ್ಪನವರು ಗುಡಿಯ ಸಮಿತಿಗೆ ಅಧ್ಯಕ್ಷರಾದರು. ಅದಕ್ಕೆ ಮೊದಲು ಬಸ್ ಸ್ಟ್ಯಾಂಡಿನಲ್ಲಿ ಫ್ಯಾನ್ಸಿ ಸ್ಟೋರ್ ಇಟ್ಟಿದ್ದವರು. ಬಾಚಣಿಗೆ ಕೊಳ್ಳಲು ಹೋದವರು ಕನ್ನಡಿಯನ್ನೂ ಕೊಂಡು ಬರುವಂತೆ ಮಾಡುವ ಬಾಯಿ ಅವರದು. ಕೆಟ್ಟ ಮನುಷ್ಯರು ಎನ್ನಲಾರೆ, ಎದುರಿಗೆ ಬಂದವರನ್ನೆಲ್ಲ ಊಟ ಆಯಿತಾ ಎಂದು ಕೇಳುತ್ತಿದ್ದರು. ಇಷ್ಟು ಒಳ್ಳೆಯ ಅಮ್ಮ ಇಷ್ಟು ಸಣ್ಣ ಊರಿನಲ್ಲಿ ಯಾರಿಗೂ ಕಾಣದೆ ಕೂತಿದ್ದಾಳಲ್ಲ ಎಂಬುದು ಅವರ ಸಂಕಟ. ಮೊದಲು ಹೊರಗಿನಿಂದ ಚಿತ್ರ ಬರೆಯುವವರನ್ನು ಕರೆಸಿ, ಮುಖವೇ ಇಲ್ಲದವಳಿಗೆ ಒಂದು ಮುಖ ಬರೆಸಿದರು. ಕೆಂಪು ತುಟಿ, ತೀಡಿದ ಹುಬ್ಬು, ಕಿವಿಗೆ ಕೈ ಹಿಡಿದ ಭಂಗಿ. ಆ ಮುಖ ಲಾಕೆಟ್ಟಿಗೆ ಬಂತು, ಕೀ ಗೊಂಚಲಿಗೆ ಬಂತು, ಸ್ಟೀಲ್ ಲೋಟಕ್ಕೆ ಬಂತು, 'ಅಮ್ಮ ಕೇಳಿಸಿಕೊಳ್ಳುತ್ತಿದ್ದಾಳೆ' ಎಂಬ ಬರಹದೊಂದಿಗೆ ಸ್ಕೂಟರುಗಳ ಹಿಂಭಾಗಕ್ಕೂ ಬಂತು. ಅಮ್ಮ ಉಟ್ಟ ಸೀರೆಗೆ ಬೇಡಿಕೆ ಹೆಚ್ಚಿದಾಗ, ಬೆಲೆ ಚೀಟಿ ಚುಚ್ಚಿದ ಸೀರೆಗಳನ್ನು ಒಂದೊಂದಾಗಿ ಕಲ್ಲಿಗೆ ಉಡಿಸಿ, ಮಂಗಳಾರತಿ ಎತ್ತಿ, ಬಿಚ್ಚಿ, ಮತ್ತೊಂದನ್ನು ಉಡಿಸುವ ಪದ್ಧತಿ ಬಂತು.

ಆಮೇಲೆ ಡಬ್ಬಿ ಬಂತು. ಅಂಗೈಯಷ್ಟು ತಗಡಿನ ಡಬ್ಬಿ, ತಿರುಪಿನ ಮುಚ್ಚಳ. ಅಮ್ಮ ಹೂಂ ಎನ್ನುವ ಹೊತ್ತಿಗೆ ಸರಿಯಾಗಿ ಕಲ್ಲಿನ ಮುಂದೆ ಡಬ್ಬಿಯ ಬಾಯಿ ತೆರೆದು ಹಿಡಿದು ತಕ್ಷಣ ಮುಚ್ಚಿದರೆ ಹೂಂ ಒಳಗೇ ಉಳಿಯುತ್ತಿತ್ತು. ಯಾವ ಊರಿಗೆ ಬೇಕಾದರೂ ಒಯ್ದು, ಮನೆಯಲ್ಲಿ ಕೂತು ಕಷ್ಟ ಹೇಳಿಕೊಂಡು ಮುಚ್ಚಳ ತೆರೆದರೆ ಅಮ್ಮ ಅಲ್ಲೇ ಹೂಂ ಎನ್ನುತ್ತಿದ್ದಳು. ಆದರೆ ಅಷ್ಟು ಡಬ್ಬಿ ತುಂಬುವಷ್ಟು ಕಷ್ಟ ನಮ್ಮೂರಿನಲ್ಲಿ ಇರಲಿಲ್ಲ. ಅದಕ್ಕೆಂದು ಸಮಿತಿ 'ಮಾತಿನವರು' ಎಂದು ಕೆಲವರನ್ನು ನೇಮಿಸಿತು. ಅವರು ಪಾಳಿಯ ಮೇಲೆ ಅಮ್ಮನ ಮುಂದೆ ಕೂತು ಬಾಯಿಗೆ ಬಂದದ್ದು ಹೇಳುತ್ತಿದ್ದರು. ಮಗ್ಗಿ, ಬಸ್ಸಿನ ವೇಳಾಪಟ್ಟಿ, ಸಂತೆಯ ಈರುಳ್ಳಿ ರೇಟು. ಅಮ್ಮ ಎಲ್ಲದಕ್ಕೂ ಹೂಂ ಎನ್ನುತ್ತಿದ್ದಳು, ಪಾಪ, ಅವಳಿಗೆ ಅಲ್ಲ ಎನ್ನಲು ಬರುತ್ತಿರಲಿಲ್ಲ. ತುಂಬಿದ ಡಬ್ಬಿಗಳಿಗೆ ಗೋಂದು ಬಳಿದು ಚೀಟಿ ಅಂಟಿಸುವ ಕೆಲಸ ನನ್ನದು. ಸಾದಾ, ಸ್ಪೆಷಲ್, ಫ್ಯಾಮಿಲಿ ಪ್ಯಾಕ್ ಎಂದು ಮೂರು ಬಣ್ಣದ ಚೀಟಿ, ಒಳಗಿದ್ದದ್ದು ಒಂದೇ.

ನಾನು ಹೇಳಬೇಕಾದದ್ದು ನಮ್ಮ ಪಕ್ಕದ ಮನೆಯ ಚಿಕ್ಕತಾಯಕ್ಕನ ವಿಷಯ. ಅವಳ ಗಂಡ ಜವರಯ್ಯ ಛತ್ರಿ ರಿಪೇರಿ ಮಾಡುತ್ತಿದ್ದವನು. ಅವಳು ಮಾತಿನ ಮಲ್ಲಿ, ಅವನು ಬಾಯಿ ತೆರೆದರೆ ಛತ್ರಿಯ ಕಡ್ಡಿ ಬಿದ್ದುಹೋಗುತ್ತದೆ ಎಂಬಂಥವನು. ಒಂದು ಮಧ್ಯಾಹ್ನ ಕಪ್ಪು ಬಟ್ಟೆಗೆ ಸೂಜಿ ಚುಚ್ಚಿದ ಕೈ ಚುಚ್ಚಿದ ಹಾಗೇ ನಿಂತುಹೋಯಿತು. ಆ ದಿನ ಚಿಕ್ಕತಾಯಕ್ಕ ಜಗುಲಿ ಗುಡಿಸಿ, ಮನೆಯಲ್ಲಿದ್ದ ಒಳ್ಳೆಯ ಚಾಪೆ ಹಾಸಿದಳು. ಮಣ್ಣು ಮಾಡಿ ಬಂದಾಗ ಜವರಯ್ಯ ಮೊಣಕಾಲು ತಬ್ಬಿಕೊಂಡು ಅದರ ಮೇಲೆ ಕೂತಿದ್ದ. ಆಗ ಅವಳ ಮಗಳು ಮಾದೇವಿ ತುಂಬಿದ ಬಸುರಿ, ಹೆರಿಗೆಗೆ ತವರಿಗೆ ಬಂದಿದ್ದಳು. ಹೆರಿಗೆಯೊಳಗೆ ಜವರಯ್ಯನನ್ನು ಕಳಿಸಿಬಿಡಬೇಕು ಎಂಬುದೊಂದೇ ಚಿಕ್ಕತಾಯಕ್ಕನ ತಲೆಯಲ್ಲಿತ್ತು.

ಅವಳು ಮರುದಿನವೇ ಗುಡಿಗೆ ಹೋದಳು. ಅಲ್ಲಿ ಈಗ ಕಂಬಿ ಕಟ್ಟಿದ ಸಾಲು, ಟೋಕನ್, ಒಬ್ಬೊಬ್ಬರಿಗೆ ನಾಲ್ಕೇ ಮಾತು. ಅವಳ ಸರದಿ ಬಂದಾಗ ಸಂಜೆ ಇಳಿದಿತ್ತು. 'ನನ್ ಗಂಡ ಜವರಯ್ಯ ಅಂತ ಕಣವ್ವ, ಹುಟ್ಟಿದಾಗ ಎಂಟು ತಿಂಗಳ ಕೂಸಂತೆ, ಬದುಕಕ್ಕಿಲ್ಲ ಅಂದಿದ್ರಂತೆ' ಎಂದು ಹೇಳಿ ನಿಂತಳು. ಕಲ್ಲಿನಿಂದ ಏನೂ ಬರಲಿಲ್ಲ. ಒಂದು ಸಣ್ಣ ಗೊರಕೆಯಂಥ ಸದ್ದು ಬಂತು ಎಂದು ಅವಳು ಆಮೇಲೆ ನನಗೆ ಹೇಳಿದಳು. ಅಷ್ಟರಲ್ಲಿ ಹಿಂದಿನವರು ತಳ್ಳಿದರು.

ವಿರೂಪಾಕ್ಷಪ್ಪನವರು ಅವಳನ್ನು ಆಫೀಸಿಗೆ ಕರೆಸಿ ಕೂರಿಸಿ ಕಾಫಿ ಕೊಡಿಸಿದರು. 'ನೋಡಿ ತಾಯಿ, ಅಮ್ಮನಿಗೆ ಈಗ ಕೆಲಸ ಜಾಸ್ತಿ. ನೀವು ಇಲ್ಲಿವರೆಗೂ ಬಂದು ಸಾಲಲ್ಲಿ ನಿಂತು ಯಾಕೆ ಕಷ್ಟಪಡಬೇಕು? ಸತ್ತವರಿಗೇಂತಲೇ ಬೇರೆ ಡಬ್ಬಿ ಮಾಡಿದೀವಿ. ಮನೇಲಿ ಅವರ ಎದುರಿಗೇ ಕೂತು ಹೇಳಬಹುದು. ಇನ್ನೂ ಒಳ್ಳೇದಲ್ವಾ?' ಎಂದರು. ಚಿಕ್ಕತಾಯಕ್ಕ ಕಿವಿಯ ಓಲೆ ಬಿಚ್ಚಿಟ್ಟು ಒಂದು ಬುಟ್ಟಿ ಡಬ್ಬಿ ತಂದಳು. ಬಿಳಿ ಚೀಟಿಯ ಮೇಲೆ ದೀಪದ ಚಿತ್ರ. ಅದನ್ನೂ ಅಂಟಿಸಿದವಳು ನಾನೇ.

ಅವಳು ಜಗುಲಿಯ ಮೇಲೆ ಜವರಯ್ಯನ ಎದುರು ಕೂತು ಕಥೆ ಶುರುಮಾಡಿದಾಗ ನಾನು ನಮ್ಮ ಕಡೆಯ ಜಗುಲಿಯಲ್ಲಿದ್ದೆ. ಎಂಟು ತಿಂಗಳ ಕೂಸು ಬದುಕಿದ್ದು, ಸೋದರಮಾವನ ಮನೆಯಲ್ಲಿ ಬೆಳೆದದ್ದು, ಮೊದಲ ಛತ್ರಿ ಬಿಚ್ಚಿ ಮತ್ತೆ ಕೂಡಿಸಲಾಗದೆ ಒದೆ ತಿಂದದ್ದು. ಒಂದು ಮಾತಿಗೊಂದು ಮುಚ್ಚಳ ತಿರುವುತ್ತಿದ್ದಳು. ಮೊದಲ ಡಬ್ಬಿ 'ಹೂಂ' ಎಂದಿತು. ಎರಡನೆಯದು ಅವಳ ಮಾತು ಮುಗಿಯುವ ಮೊದಲೇ ಹೂಂ ಎಂದುಬಿಟ್ಟಿತು. ಮತ್ತೊಂದರಿಂದ ಆಕಳಿಕೆ ಬಂತು. ಇನ್ನೊಂದರಲ್ಲಿ ಹೂಂ ಜೊತೆ ಯಾರದೋ ದನಿ ಸಿಕ್ಕಿಕೊಂಡಿತ್ತು, 'ಹದಿನೇಳೆಂಟ್ಲ ನೂರಾ ಮೂವತ್ತಾರು' ಎಂದಿತು. ಚಿಕ್ಕತಾಯಕ್ಕ ತಡೆಯದೆ ನಕ್ಕುಬಿಟ್ಟಳು. ನಗುತ್ತಲೇ ಗಂಡನ ಕಡೆ ನೋಡಿದಳು. ಬೀದಿ ನೋಡುತ್ತಿದ್ದ ಜವರಯ್ಯ ಮುಖ ತಿರುಗಿಸಿದ್ದ. ಅವನ ಕಣ್ಣು ಈಗ ಮನೆಯ ಬಾಗಿಲ ಮೇಲಿತ್ತು.

ಬುಟ್ಟಿ ಮುಗಿದರೂ ಅವನು ಏಳಲಿಲ್ಲ. ಅವನೊಬ್ಬನೇ ಅಲ್ಲ, ಊರಿನಲ್ಲಿ ಯಾರೂ ಏಳುತ್ತಿರಲಿಲ್ಲ. ಬೀದಿಬೀದಿಯ ಜಗುಲಿಗಳು ತುಂಬತೊಡಗಿದವು. ನಮ್ಮವ್ವನೂ ಅದೇ ತಿಂಗಳಲ್ಲಿ ಹೋದಳು, ನಮ್ಮ ಜಗುಲಿಯಲ್ಲೂ ಚಾಪೆ ಬಿತ್ತು. ಬದುಕಿರುವವರು ಹೊಂದಿಕೊಳ್ಳುತ್ತಾರೆ ನೋಡಿ. ಹಾಲಿನವನು ಸತ್ತವರ ಕಾಲು ತುಳಿಯದಂತೆ ಜರುಗಿ ಹಾಲು ಅಳೆಯುತ್ತಿದ್ದ. ಬಿಸಿಲು ಬಿದ್ದ ಮನೆಯವರು ಅವರ ತಲೆಗೆ ಟವೆಲು ಹೊದಿಸುತ್ತಿದ್ದರು. ಮಳೆ ಶುರುವಾದಾಗ ಸಮಿತಿಯವರು ಅಮ್ಮನ ಚಿತ್ರವಿದ್ದ ಪ್ಲಾಸ್ಟಿಕ್ ಹೊದಿಕೆ ತಂದು ಮನೆಮನೆಗೆ ಮಾರಿದರು. ಎರಡು ಕೊಂಡರೆ ಒಂದು ಸ್ಟೀಲ್ ಲೋಟ. ಇಡೀ ಬೀದಿಯಲ್ಲಿ ತಿಳಿನೀಲಿ ಪ್ಲಾಸ್ಟಿಕ್ಕಿನೊಳಗೆ ಸಾಲಾಗಿ ಕೂತವರು, ಅವರ ಮೇಲೆ ಟಪಟಪ ಎಂದು ಬೀಳುವ ಮಳೆ. ಆ ಸದ್ದು ಕೇಳಿಕೊಂಡು ನಾವು ಒಳಗೆ ಮುದ್ದೆ ತಿನ್ನುತ್ತಿದ್ದೆವು.

ಒಂದು ಬೆಳಿಗ್ಗೆ ಚಿಕ್ಕತಾಯಕ್ಕ ಬಾಗಿಲು ತೆಗೆದಾಗ ಜವರಯ್ಯ ಹೊಸ್ತಿಲ ಮೇಲೆ ಕೂತಿದ್ದ. ಹಿರಿಯರ ಮಾತು ಸುಳ್ಳಾಗಿರಲಿಲ್ಲ. ಒಳಗಿದ್ದ ಮಾದೇವಿ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು, 'ಅಪ್ಪ ನನ್ನನ್ನೇ ನೋಡ್ತಾವ್ನೆ ಕಣವ್ವ' ಎಂದು ಅಳತೊಡಗಿದಳು. ಚಿಕ್ಕತಾಯಕ್ಕ ನನ್ನ ಹತ್ತಿರ ಬಂದು ಸೆರಗು ಒಡ್ಡಿದಳು. 'ದಾಕ್ಷಿ, ನಿನ್ ಕಾಲಿಗೆ ಬೀಳ್ತೀನಿ. ಒಂದ್ ಗಳಿಗೆ ನನ್ನನ್ನ ಅಮ್ಮನ ಮುಂದೆ ಒಬ್ಬಳನ್ನೇ ಕೂರ್ಸು. ಈ ನಾಲ್ಕ್ ಮಾತು ಆಗಕ್ಕಿಲ್ಲ. ಆವಯ್ಯ ಐವತ್ತು ವರ್ಷ ಬದುಕಿದ್ದ.'

ಮಧ್ಯಾಹ್ನ ಮಾತಿನವರು ಊಟಕ್ಕೆ ಎದ್ದಾಗ ಗುಡಿಯ ಬಾಗಿಲು ಎಳೆದಿರುತ್ತಿತ್ತು. ಡಬ್ಬಿ ತರುವ ನೆಪದಲ್ಲಿ ನಾನು ಅವಳನ್ನು ಹಿಂದಿನಿಂದ ಒಳಗೆ ಕರೆದೊಯ್ದೆ. ಗರ್ಭಗುಡಿಯಲ್ಲಿ ಖಾಲಿ ಡಬ್ಬಿಗಳ ರಾಶಿ, ಕರ್ಪೂರದ ಮಸಿ, ಬೆಲೆ ಚೀಟಿ ನೇತಾಡುವ ಹಸಿರು ಸೀರೆಯಲ್ಲಿ ಅಮ್ಮ. ಚಿಕ್ಕತಾಯಕ್ಕ ಅವಳ ಮುಂದೆ ಕೂತು, ತವರಿನಲ್ಲಿ ಕೂತವಳ ಹಾಗೆ ಕಾಲು ಚಾಚಿ, ಗಂಡನ ಕಥೆ ಹೇಳಿದಳು. ಅವನು ಮದುವೆಯ ದಿನ ತಾಳಿ ಕಟ್ಟುವಾಗಲೂ ಮಾತಾಡದೆ ಇದ್ದದ್ದು, ಮಾದೇವಿ ಹುಟ್ಟಿದಾಗ ಅವಳಿಗೊಂದು ಅಂಗೈಯಗಲದ ಛತ್ರಿ ಮಾಡಿ ತೊಟ್ಟಿಲ ಮೇಲೆ ಕಟ್ಟಿದ್ದು. ಪ್ರತಿ ಮಾತಿನ ಕೊನೆಗೂ ನಿಲ್ಲಿಸಿ ಕಾದಳು. ಹೂಂ ಬರಲಿಲ್ಲ. ಹೊರಗೆ ಅಂಗಡಿಯ ಮೈಕಿನಲ್ಲಿ ಅಮ್ಮನ ಹಾಡು ಬರುತ್ತಿತ್ತು.

ಕಡೆಗೆ ಅವಳಿಗೆ ಸಿಟ್ಟು ಬಂತು. 'ಈರುಳ್ಳಿ ರೇಟಿಗೆ ಹೂಂ ಅಂತೀಯ, ನನ್ ಗಂಡಂಗೆ ಅನ್ನಕ್ಕಿಲ್ವಾ?' ಎಂದು ಸೀರೆಯ ಮೇಲಿಂದಲೇ ಕಲ್ಲನ್ನು ಹಿಡಿದು ಅಲುಗಿಸಿದಳು. ಹಿಡಿದ ಕೈ ತೆಗೆಯದೆ ಹಾಗೇ ನಿಂತಳು. ಆಮೇಲೆ ನನ್ನ ಕೈಯನ್ನೂ ಎಳೆದು ಅಲ್ಲಿ ಇಟ್ಟಳು. ಬಿಸಿಲಿನ ಹೊತ್ತಿನಲ್ಲಿ ಕಲ್ಲು ತಣ್ಣಗೆ, ತೇವವಾಗಿತ್ತು. ಆ ತಂಪು ನಮ್ಮಿಬ್ಬರಿಗೂ ಗೊತ್ತಿದ್ದದ್ದೇ, ಇಬ್ಬರ ಮನೆಯ ಮುಂದೂ ಅದು ಕೂತಿತ್ತು. ಚಿಕ್ಕತಾಯಕ್ಕನ ಸಿಟ್ಟು ಅಲ್ಲೇ ಇಳಿದುಹೋಯಿತು. ಸೆರಗಿನಿಂದ ಕಲ್ಲಿನ ಮೇಲಿನ ಮಸಿ ಒರೆಸುತ್ತಾ, 'ಅಯ್ಯೋ ನನ್ ಕಂದ, ಎಷ್ಟು ದಣಿದಿದ್ದೀಯೆ. ಎದ್ದು ನಮ್ಮನೆಗೆ ಬಾ' ಎಂದಳು.

ನಮ್ಮೂರಿನಲ್ಲಿ ಸತ್ತವರನ್ನು ಯಾರೂ ಮನೆಗೆ ಕರೆಯುವುದಿಲ್ಲ. ಮಾತಿಗೂ ಕರೆಯಬಾರದು. ದಾರಿಯಲ್ಲಿ ಸಿಕ್ಕವರನ್ನೆಲ್ಲ ಕರೆದು ಅಭ್ಯಾಸವಾದ ಬಾಯಿ, ಕರೆದುಬಿಟ್ಟಿತು. ನಾವಿಬ್ಬರೂ ತಿರುಗಿ ನೋಡದೆ ಮನೆಯವರೆಗೆ ನಡೆದೆವು. ಅಲ್ಲಿ ಜವರಯ್ಯ ಬಿಟ್ಟ ಚಾಪೆಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಚಿತ್ರದಲ್ಲಿದ್ದ ಕೆಂಪು ತುಟಿ, ತೀಡಿದ ಹುಬ್ಬು ಯಾವುದೂ ಅವಳಿಗಿರಲಿಲ್ಲ. ನೋಡಿದ ಮರುಗಳಿಗೆ ಮರೆತುಹೋಗುವಂಥ ಮುಖ. ಹಸಿರು ಸೀರೆಯ ಅಂಚಿನಲ್ಲಿ ಬೆಲೆ ಚೀಟಿ ನೇತಾಡುತ್ತಿತ್ತು.

ಚಿಕ್ಕತಾಯಕ್ಕ ಅವಳ ಎದುರಿಗೆ ಕುಸಿದು ಕೂತಳು. ಇವಳ ಕಥೆ ಹೇಳಿ ಕಳಿಸೋಣ ಎಂದರೆ ಇವಳ ಕಥೆ ಯಾರಿಗೆ ಗೊತ್ತು? ತಲೆತಲಾಂತರದಿಂದ ಊರೆಲ್ಲ ಅವಳ ಮುಂದೆ ಕೂತು ತನ್ನದನ್ನೇ ಹೇಳಿಕೊಂಡಿತ್ತು, ಒಬ್ಬರೂ ಅವಳನ್ನು ಏನೆಂದು ಕೇಳಿರಲಿಲ್ಲ. ಹೇಳಿದರೂ ಹೂಂಗುಟ್ಟಲು ಇನ್ಯಾರಿದ್ದಾರೆ? ಅಷ್ಟರಲ್ಲಿ ಒಳಗಿನಿಂದ ಮಾದೇವಿಯ ಚೀರಾಟ ಕೇಳಿಸಿತು. ನೋವು ಶುರುವಾಗಿತ್ತು. ನಾನು ಓಡಿಹೋಗಿ ಸೂಲಗಿತ್ತಿ ಬೋರಮ್ಮನನ್ನು ಕರೆತಂದೆ. ಮುದುಕಿಯನ್ನು ಸುತ್ತುಹಾಕಿ, ಜವರಯ್ಯನನ್ನು ದಾಟಿ ಬೋರಮ್ಮ ಒಳಗೆ ಹೋದಳು. 'ಇಬ್ಬಿಬ್ರು ಕೂತವ್ರಲ್ಲ ತಾಯಿ' ಎಂದಳು.

ಸಂಜೆಯೊಳಗೆ ಹೆಣ್ಣು ಮಗು ಹುಟ್ಟಿತು. ಅಳಲಿಲ್ಲ. ಬೋರಮ್ಮ ಕಾಲು ಹಿಡಿದು ತಲೆಕೆಳಗು ಮಾಡಿ ಬೆನ್ನಿಗೆ ತಟ್ಟಿದಳು, ಮುಖಕ್ಕೆ ನೀರು ಚಿಮುಕಿಸಿದಳು, ಕಂಚಿನ ತಟ್ಟೆ ಬಡಿದಳು. ಮಗು ಕಣ್ಣು ಬಿಟ್ಟುಕೊಂಡು ಎಲ್ಲರನ್ನೂ ನೋಡುತ್ತಿತ್ತು, ಅಳಲಿಲ್ಲ. ಮಾದೇವಿ ಗೋಡೆಯ ಕಡೆ ತಿರುಗಿಕೊಂಡಳು. ಚಿಕ್ಕತಾಯಕ್ಕ ಮಗುವನ್ನು ಎದೆಗೊತ್ತಿಕೊಂಡು, ಏನು ಮಾತಾಡುತ್ತಿದ್ದೇನೆಂದು ತಿಳಿಯದೆ ಮಾತಾಡತೊಡಗಿದಳು. 'ಯಾಕವ್ವ, ತಾತ ಹೊಸ್ತಿಲಲ್ಲಿ ಕೂತವ್ನೆ ಅಂತ ಹೆದರ್ಕೊಂಡ್ಯಾ? ಅವನು ನಿನ್ನಂಗೇ ಕಣೆ, ಹುಟ್ಟಿದಾಗ ಇವನು ಬದುಕಕ್ಕಿಲ್ಲ ಅಂದಿದ್ರು.'

'ಹೂಂ' ಎಂದಿತು ಮಗು.

ಬೋರಮ್ಮನ ಕೈಯಿಂದ ತಟ್ಟೆ ಬಿತ್ತು. ನಾನು ಬಾಗಿಲಿನಿಂದ ಇಣುಕಿದೆ. ಜಗುಲಿಯ ಚಾಪೆಯ ಮೇಲೆ ಮುದುಕಿ ಇರಲಿಲ್ಲ, ಹಸಿರು ಸೀರೆ ಮಾತ್ರ ಬಿದ್ದಿತ್ತು. ಒಳಗೆ ಚಿಕ್ಕತಾಯಕ್ಕ ಮುಂದಿನ ಮಾತು ಹೇಳಿದಳು. ಮಗು ಹೂಂ ಎಂದಿತು. ಅವಳು ಮತ್ತೆ ನಿಲ್ಲಿಸಲಿಲ್ಲ. ಸೋದರಮಾವನ ಮನೆ, ಮೊದಲ ಛತ್ರಿ, ಮದುವೆ, ತೊಟ್ಟಿಲು, ಕಡೆಗೆ ಸೂಜಿ ನಿಂತ ಮಧ್ಯಾಹ್ನ, ಎಲ್ಲವನ್ನೂ ಹೇಳಿದಳು. 'ನನ್ ಜೊತೆ ಮಾತಾಡ್ಲಿಲ್ಲ ಅಂತ ಜೀವಮಾನವೆಲ್ಲ ಬೈದೆ ಕಣವ್ವ. ಈಗ ಮನೆ ಬಿಕೋ ಅಂತೈತೆ' ಎಂದು ಮುಗಿಸಿದಳು. ಅದಕ್ಕೂ ಮಗು ಹೂಂ ಎಂದಿತು. ಹೊಸ್ತಿಲ ಮೇಲಿಂದ ಜವರಯ್ಯ ಎದ್ದ, ಪಂಚೆ ಕೊಡವಿಕೊಂಡ, ಸಾಲಾಗಿ ಕೂತಿದ್ದ ನೀಲಿ ಪ್ಲಾಸ್ಟಿಕ್ಕುಗಳ ಮುಂದೆ ನಡೆದುಕೊಂಡು ಬೀದಿಯ ತಿರುವಿನಲ್ಲಿ ಮರೆಯಾದ. ಚಿಕ್ಕತಾಯಕ್ಕ ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ತಿಳಿಯಲಿಲ್ಲ. ನನಗಂತೂ ಹೊಟ್ಟೆ ತುಂಬ ಸಂತೋಷವಾಗಿತ್ತು.

ಜವರಯ್ಯ ನಡೆದುಹೋದದ್ದನ್ನು ಬೀದಿಯೆಲ್ಲ ನೋಡಿತ್ತು, ಮಗು ಹೂಂ ಎಂದ ಸುದ್ದಿ ಬೋರಮ್ಮನ ಬಾಯಿಂದ ಹೊರಬಿದ್ದಿತ್ತು. ಮರುದಿನವೇ ವಿರೂಪಾಕ್ಷಪ್ಪನವರು ಅಮ್ಮನ ಚಿತ್ರವಿದ್ದ ಗಿಲಕಿ ಹಿಡಿದು ಬಾಣಂತಿ ನೋಡಲು ಬಂದರು. ಅವರ ಇನ್ನೊಂದು ಕೈ ಜೇಬಿನಲ್ಲಿತ್ತು, ಜೇಬು ಡಬ್ಬಿಯಷ್ಟು ಉಬ್ಬಿತ್ತು. 'ಏನಮ್ಮ ಪುಟ್ಟಿ, ಊಟ ಆಯ್ತಾ? ನಾನು ಯಾರು ಅಂತ ಹೇಳ್ಲಾ?' ಎಂದು ಚಿಕ್ಕತಾಯಕ್ಕನ ತೊಡೆಯ ಮೇಲಿದ್ದ ಮಗುವಿನತ್ತ ಬಗ್ಗಿದರು. ಮಗು ತುಟಿ ಕೂಡಿಸಿತು. ಅಷ್ಟರಲ್ಲಿ ಹೊದಿಕೆಯೊಳಗಿದ್ದ ಚಿಕ್ಕತಾಯಕ್ಕನ ಕೈ ಅಲ್ಲಾಡಿತು, ಮಗು ಮನೆ ಹಾರಿಹೋಗುವಂತೆ ಕಿರುಚಿ ಅತ್ತಿತು. ಅವರು ಮತ್ತೆ ಮತ್ತೆ ಮಾತಾಡಿಸಿದರು, ಪ್ರತಿ ಸಲವೂ ಅದು ಅತ್ತಿತು. 'ಬರೀ ಅಳೋ ಕೂಸು ಸ್ವಾಮಿ, ರಾತ್ರಿ ನಿದ್ದೆ ಇಲ್ಲ' ಎಂದಳು ಚಿಕ್ಕತಾಯಕ್ಕ. ಅವರು ಗಿಲಕಿಯನ್ನು ಅಲ್ಲೇ ಇಟ್ಟು ಹೋದರು. ಗುಡಿಯಲ್ಲಿ ಡಬ್ಬಿ ತುಂಬುವ ಕೆಲಸ ಮಾತ್ರ ನಿಲ್ಲಲಿಲ್ಲ. ಮಾತಿನವರು ಕಲ್ಲಿನ ಮುಂದೆ ಮಗ್ಗಿ ಹೇಳುತ್ತಿದ್ದರು, ಖಾಲಿ ಡಬ್ಬಿಗಳಿಗೆ ಮುಚ್ಚಳ ಬೀಳುತ್ತಿತ್ತು, ನಾನು ಚೀಟಿ ಅಂಟಿಸುತ್ತಿದ್ದೆ. ದೂರದೂರಿಗೆ ಒಯ್ದವರು ಹಿಂದಿರುಗಿ ಬಂದು ಜಗಳ ಆಡುವುದಿಲ್ಲ, ತಮ್ಮ ಭಕ್ತಿಯಲ್ಲೇ ಏನೋ ಕೊರತೆ ಎಂದುಕೊಳ್ಳುತ್ತಾರೆ.

ಊರಿನವರೂ ಬಂದರು. ಒಬ್ಬೊಬ್ಬರೂ ಬೆಲ್ಲವೋ ಬಟ್ಟೆಯೋ ತಂದು, ಮೆಲ್ಲಗೆ, ತಮ್ಮ ಜಗುಲಿಯಲ್ಲಿ ಕೂತವರ ಮಾತು ತೆಗೆಯುತ್ತಿದ್ದರು. ಮಗು ಅಳುತ್ತಿತ್ತು. ಎದ್ದು ಹೋಗುತ್ತಿದ್ದರು.

ನಮ್ಮವ್ವ ಹೊಸ್ತಿಲಿಗೆ ಬಂದ ದಿನ ನಾನು ಹಿತ್ತಲಿನಿಂದ ಹೋದೆ. ಚಿಕ್ಕತಾಯಕ್ಕ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದಳು. 'ಅಕ್ಕ, ಅವ್ವ ಹೊಸ್ತಿಲಿಗೆ ಬಂದವ್ಳೆ. ಬೇರೆಯವ್ರಿಗೆ ಬೇಡ, ನಂಗೊಂದು ಸಲ. ನಾನು ಯಾರ ಮುಂದೂ ಬಾಯಿ ಬಿಡಕ್ಕಿಲ್ಲ' ಎಂದೆ. ಅವಳು ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು. ಉಗುರಿನ ಸಂದಿಯಲ್ಲಿ ಗೋಂದು ಒಣಗಿ ಅಂಟಿಕೊಂಡಿತ್ತು.

'ಇನ್ನೂ ಹೋಗ್ತಾ ಇದ್ದೀಯಾ ಕೆಲಸಕ್ಕೆ?'

'ಬಿಟ್ರೆ ಹೊಟ್ಟೆಗೇನ್ ಮಾಡ್ಲಿ ಅಕ್ಕ?'

ಅವಳು ಮತ್ತೆ ಎಣ್ಣೆಗೆ ಕೈ ಅದ್ದಿದಳು. ಮಗು ನನ್ನನ್ನೇ ನೋಡುತ್ತಿತ್ತು. ಯಾರೂ ನನ್ನನ್ನು ಅಷ್ಟು ಹೊತ್ತು ಹಾಗೆ ನೋಡಿರಲಿಲ್ಲ. ನನಗೆ ತಡೆಯಲಾಗಲಿಲ್ಲ, ಮಣ್ಣು ನೆಲದ ಮೇಲೆ ಕೂತು ಶುರುಮಾಡಿದೆ. 'ನಮ್ಮವ್ವ ಹುಟ್ಟಿದಾಗ ಅವರಪ್ಪ ಹೆಣ್ಣು ಅಂತ ಮುಖವೇ ನೋಡ್ಲಿಲ್ವಂತೆ.' ಮಗುವಿನ ತುಟಿಗಳು ಕೂಡಿದವು. ಚಿಕ್ಕತಾಯಕ್ಕನ ಎಣ್ಣೆಗೈ ಅದರ ತೊಡೆಯ ಮೇಲೆ ಸರಿಯಿತು. ಆಗ ಕಂಡೆ, ಎಳೆಯ ತೊಡೆಯ ತುಂಬ ಚಿವುಟಿದ ಗುರುತುಗಳು, ಹಳೆಯವು ಹಸಿರಾಗಿದ್ದವು, ಹೊಸವು ಕೆಂಪಗಿದ್ದವು. ಮಗು ಉಸಿರು ಕಟ್ಟಿ ಅತ್ತಿತು. ಅದನ್ನು ಎತ್ತಿ ಎದೆಗೆ ಅವಚಿಕೊಂಡ ಚಿಕ್ಕತಾಯಕ್ಕನೂ ಅಳುತ್ತಿದ್ದಳು.

'ಹೋಗವ್ವ ದಾಕ್ಷಿ' ಎಂದಳು. 'ಇದು ಬರೀ ಅಳೋ ಕೂಸು.'

ನಾನು ಮನೆಗೆ ಬಂದೆ. ಅವ್ವ ಹೊಸ್ತಿಲ ಮೇಲೆ ಇರಲಿಲ್ಲ. ನಡುಮನೆಯಲ್ಲಿ, ನಾನು ಮಡಿಸಿಟ್ಟ ಹಾಸಿಗೆಯ ಪಕ್ಕದಲ್ಲಿ ಕೂತು ನನ್ನ ದಾರಿ ಕಾಯುತ್ತಿದ್ದಳು.